ಹಳೇ ಮದ್ರಾಸು ರಸ್ತೆಯ ರೇಸ್ ಕಣಗಳು: ಶೋಳಾವರಂನಿಂದ ಕೋಲಾರದ ಕೆಮ್ಮಣ್ಣಿನವರೆಗೆ

ಕರ್ನಾಟಕದ ಮೋಟಾರ್ ರೇಸಿಂಗ್ ಇತಿಹಾಸದ ಬಹುಪಾಲು ಕರ್ನಾಟಕದ ಗಡಿಯ ಆಚೆ ನಡೆದಿದೆ. ಬೆಂಗಳೂರಿನಿಂದ ಹೊರಟ ಹಳೇ ಮದ್ರಾಸು ರಸ್ತೆ ಹೊಸಕೋಟೆ, ನರಸಾಪುರ, ಕೋಲಾರ, ಮುಳಬಾಗಿಲುಗಳನ್ನು ದಾಟಿ, ನಂಗಲಿಯ ಬಳಿ ರಾಜ್ಯದ ಎಲ್ಲೆ ಬಿಟ್ಟು, ಪಲಮನೇರು, ಚಿತ್ತೂರು, ರಾಣಿಪೇಟೆಗಳ ಮೂಲಕ ಚೆನ್ನೈಯತ್ತ ಇಳಿಯುತ್ತದೆ. ಚೆನ್ನೈ ಇನ್ನೂ ಸುಮಾರು 40 ಕಿಲೊಮೀಟರ್ ಇರುವಾಗ ಶ್ರೀಪೆರಂಬುದೂರಿನ ಪಕ್ಕದ ಇರುಂಗಟ್ಟುಕೊಟ್ಟೈ ಸಿಗುತ್ತದೆ. ದಕ್ಷಿಣ ಭಾರತದ ಮುಖ್ಯ ರೇಸ್ ಟ್ರ್ಯಾಕ್ ಇರುವುದು ಅಲ್ಲಿ. ಅದಕ್ಕೂ ಹಿಂದೆ, ನಾಲ್ಕು ದಶಕದಷ್ಟು ಕಾಲ, ಚೆನ್ನೈಯ ಉತ್ತರಕ್ಕಿರುವ ಶೋಳಾವರಂನ ಹಳೆಯ ವಿಮಾನದಾರಿಯೇ ಕಣವಾಗಿತ್ತು. ಈ ಶತಮಾನದಲ್ಲಿ ಅದೇ ರಸ್ತೆಯ ಈ ತುದಿಯಲ್ಲಿ, ಕೋಲಾರದ ಬಂಡೆಗುಡ್ಡಗಳ ನಡುವೆ, ಮಣ್ಣಿನ ಕಣವೊಂದು ಎದ್ದಿತು. ಈ ಮೂರು ಕಣಗಳ ಕಥೆಯನ್ನು ಒಟ್ಟಿಗೆ ಓದಿದರೆ ವೇಗದ ಹುಚ್ಚನ್ನು ಸಾರ್ವಜನಿಕ ರಸ್ತೆಯಿಂದ ಎತ್ತಿ ನಿಯಮದ ಬೇಲಿಯೊಳಗೆ ತರುವ ಕೆಲಸ ನಮ್ಮ ಕಡೆ ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದು ಗೊತ್ತಾಗುತ್ತದೆ.

ರಸ್ತೆಯಿಂದ ಕಣಕ್ಕೆ

ಮೋಟಾರು ಗಾಡಿ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದರ ಪಂದ್ಯವೂ ಹುಟ್ಟಿತು. ಮೊದಲ ಪಂದ್ಯಗಳೆಲ್ಲ ಊರಿಂದ ಊರಿಗೆ, ಜನ ಓಡಾಡುವ ರಸ್ತೆಯ ಮೇಲೆಯೇ ನಡೆದವು. 1903ರ ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಮ್ಯಾಡ್ರಿಡ್‌ಗೆ ಹೊರಟ ಸ್ಪರ್ಧೆ ಆ ಪದ್ಧತಿಗೆ ಕೊನೆ ಹಾಡಿತು. ಧೂಳು ಮುಚ್ಚಿದ ರಸ್ತೆಯಲ್ಲಿ ಚಾಲಕರೂ ನೋಡುಗರೂ ಸತ್ತರು; ರೆನೋ ಕಂಪನಿಯ ಸ್ಥಾಪಕರಲ್ಲಿ ಒಬ್ಬನಾದ ಮಾರ್ಸೆಲ್ ರೆನೋ ಕೂಡ ಅದರಲ್ಲಿ ಪ್ರಾಣ ಕಳೆದುಕೊಂಡ. ಸರ್ಕಾರ ಸ್ಪರ್ಧೆಯನ್ನು ಬೋರ್ಡೋ ನಗರದಲ್ಲೇ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ರಸ್ತೆಯ ವೇಗಮಿತಿ ಆಗ ಗಂಟೆಗೆ 20 ಮೈಲಿ ಇದ್ದುದರಿಂದ ಅಲ್ಲಿ ರಸ್ತೆ ಪಂದ್ಯಕ್ಕೆ ಅವಕಾಶವೇ ಇರಲಿಲ್ಲ. ಹೀಗಾಗಿ 1907ರಲ್ಲಿ ಸರ್ರೆ ಪ್ರಾಂತ್ಯದ ಬ್ರೂಕ್‌ಲ್ಯಾಂಡ್ಸ್‌ನಲ್ಲಿ, ಪಂದ್ಯಕ್ಕಾಗಿಯೇ ಕಟ್ಟಿದ ಜಗತ್ತಿನ ಮೊದಲ ಮೋಟಾರ್ ಕಣ ತೆರೆಯಿತು. ತಿರುವುಗಳಲ್ಲಿ ಹೊರಬದಿ ಎತ್ತರಿಸಿ ಕಾಂಕ್ರೀಟ್ ಹಾಕಿದ್ದ ಆ ದಾರಿಯ ಉದ್ದ ನಾಲ್ಕು ಕಿಲೊಮೀಟರ್‌ಗಿಂತ ಹೆಚ್ಚು. ಎರಡು ವರ್ಷದ ಬಳಿಕ ಅಮೆರಿಕದ ಇಂಡಿಯಾನಾಪೊಲಿಸ್, 1922ರಲ್ಲಿ ಇಟಲಿಯ ಮೊಂಜಾ ಬಂದವು.

ಎರಡನೇ ಮಹಾಯುದ್ಧ ಈ ಕ್ರೀಡೆಗೆ ಬೇರೊಂದು ಬಗೆಯ ಕಣ ಒದಗಿಸಿತು. ಬಾಂಬರ್ ವಿಮಾನಗಳಿಗಾಗಿ ಅವಸರದಲ್ಲಿ ಹಾಕಿದ ನೂರಾರು ಓಡುದಾರಿಗಳು ಯುದ್ಧ ಮುಗಿದ ಮೇಲೆ ಖಾಲಿ ಬಿದ್ದವು. ಅಗಲವಾದ ಗಟ್ಟಿ ನೆಲ, ಸುತ್ತ ಬಯಲು, ಹತ್ತಿರದಲ್ಲಿ ಮನೆಮಠಗಳಿಲ್ಲ. ರೇಸಿಗೆ ಬೇಕಾದ್ದೆಲ್ಲ ಅಲ್ಲಿತ್ತು. 1948ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ವಿಮಾನನೆಲೆ ರೇಸ್ ಕಣವಾಯಿತು. 1950ರ ಮೇ 13ರಂದು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್‌ನ ಮೊಟ್ಟಮೊದಲ ಪಂದ್ಯ ನಡೆದದ್ದೂ ಅಲ್ಲೇ. ಮದ್ರಾಸಿನಲ್ಲಿ ಮುಂದೆ ಆದದ್ದು ಇದೇ ಮಾದರಿಯ ಬೆಳವಣಿಗೆ.

ಶೋಳಾವರಂನ ವಿಮಾನದಾರಿ

ಶೋಳಾವರಂ ಮದ್ರಾಸಿನಿಂದ ಉತ್ತರಕ್ಕೆ, ರೆಡ್ ಹಿಲ್ಸ್ ದಾಟಿ ಕಲ್ಕತ್ತಾ ಕಡೆ ಹೋಗುವ ರಸ್ತೆಯಲ್ಲಿದೆ. ಯುದ್ಧಕಾಲದಲ್ಲಿ ಅಲ್ಲಿ ಹಾಕಿದ್ದ ಓಡುದಾರಿ ಸ್ವಾತಂತ್ರ್ಯದ ಹೊತ್ತಿಗೆ ಬಳಕೆ ತಪ್ಪಿತ್ತು. 1953ರಲ್ಲಿ ಸ್ಥಾಪನೆಯಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಆ ನೆಲವನ್ನು ಪಂದ್ಯಕ್ಕೆ ಬಳಸಿಕೊಂಡಿತು. ಕಲ್ಕತ್ತೆಯ ಬಾರಕ್‌ಪುರ, ಮುಂಬೈಯ ಜುಹು ವಿಮಾನದಾರಿಗಳಲ್ಲೂ ಆ ಕಾಲದಲ್ಲಿ ರೇಸ್ ನಡೆಯುತ್ತಿದ್ದವು. ಆದರೆ ವರ್ಷದಿಂದ ವರ್ಷಕ್ಕೆ ಉಳಿದು ಬಂದು, ದೇಶದ ಎಲ್ಲ ಕಡೆಯ ಸವಾರರನ್ನು ಒಂದೆಡೆ ಸೇರಿಸಿದ ಕೂಟ ಶೋಳಾವರಂನದು.

ವಿಮಾನದಾರಿಯ ಮೇಲಿನ ರೇಸಿಗೆ ತನ್ನದೇ ಲಕ್ಷಣಗಳಿದ್ದವು. ಉದ್ದನೆಯ ನೇರ ಓಟ, ಅದರ ತುದಿಯಲ್ಲಿ ಒಮ್ಮೆಗೇ ಬರುವ ಚೂಪಾದ ತಿರುವು. ನೇರದಲ್ಲಿ ಎಂಜಿನ್ನಿನ ಶಕ್ತಿಯೇ ಮಾತಾಡುತ್ತಿತ್ತು; ತಿರುವಿನಲ್ಲಿ ಬ್ರೇಕು ಮತ್ತು ಧೈರ್ಯ. ಕಾಂಕ್ರೀಟು ಫೆಬ್ರುವರಿಯ ಬಿಸಿಲಿಗೇ ಕಾದು ಟೈರು ಸವೆಸುತ್ತಿತ್ತು. ನೋಡುಗರಿಗೂ ಗಾಡಿಗಳಿಗೂ ನಡುವೆ ಇಂದಿನ ಕಣಗಳಲ್ಲಿರುವಂಥ ಉಕ್ಕಿನ ತಡೆಗೋಡೆಯಾಗಲಿ, ಜಲ್ಲಿಯ ಹಾಸಾಗಲಿ ಇರಲಿಲ್ಲ.

ಆಮದು ನಿರ್ಬಂಧದ ಆ ದಶಕಗಳಲ್ಲಿ ಹೊಸ ರೇಸ್ ಕಾರು ತರಿಸುವುದು ಬೆರಳೆಣಿಕೆಯ ಮಂದಿಗೆ ಮಾತ್ರ ಸಾಧ್ಯವಿತ್ತು. ಗೊಂಡಲ್‌ನ ಮಹಾರಾಜರಂಥ ರಾಜಮನೆತನದವರು, ಬಳಿಕ ಉದ್ಯಮಿಗಳು ವಿದೇಶಿ ಗಾಡಿಗಳೊಡನೆ ಬಂದರು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ 1980ರ ದಶಕದ ಆರಂಭದಲ್ಲಿ ಎನ್‌ಸೈನ್ ಎಂಬ ಹಳೆಯ ಫಾರ್ಮುಲಾ ಒನ್ ಕಾರನ್ನು ಶೋಳಾವರಂನಲ್ಲಿ ಓಡಿಸಿದ್ದು ಬಹುಕಾಲ ಸುದ್ದಿಯಾಗಿತ್ತು. ಉಳಿದವರಿಗೆ ಗ್ಯಾರೇಜೇ ಕಾರ್ಖಾನೆ. ಫಿಯಟ್, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳ ಸೀಟು ಕಿತ್ತು ಭಾರ ಇಳಿಸಿ, ಎಂಜಿನ್ನಿನ ತಲೆ ಉಜ್ಜಿ ಒತ್ತಡ ಏರಿಸಿ, ಕಾರ್ಬ್ಯುರೇಟರ್ ಬದಲಿಸಿ, ಸೈಲೆನ್ಸರ್ ಕಿರಿದು ಮಾಡಿ ಮೆಕ್ಯಾನಿಕ್‌ಗಳು ಅವನ್ನು ರೇಸಿಗೆ ಹದಗೊಳಿಸುತ್ತಿದ್ದರು. ಈ ಕೈಕೆಲಸದ ಪರಂಪರೆಯೇ ಭಾರತೀಯ ರೇಸಿಂಗ್‌ನ ನಿಜವಾದ ಬುನಾದಿ.

ಕನ್ನಡ ನೆಲದ ಗಾಡಿಗಳು

ಕಣ ತಮಿಳುನಾಡಿನಲ್ಲಿದ್ದರೂ ಅದರಲ್ಲಿ ಓಡಿದ ಗಾಡಿಗಳಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಜೆಕೊಸ್ಲೊವಾಕಿಯದ ತಂತ್ರಜ್ಞಾನದಿಂದ ಜಾವಾ ಬೈಕುಗಳ ತಯಾರಿಕೆ ಶುರುಮಾಡಿತು. 1970ರ ದಶಕದಲ್ಲಿ ಅದೇ ಕಾರ್ಖಾನೆಯಿಂದ ಯೆಜ್ದಿ ಹೆಸರಿನಲ್ಲಿ ಬೈಕುಗಳು ಹೊರಬಂದವು. ಎರಡು ಸ್ಟ್ರೋಕಿನ ಸರಳ ಎಂಜಿನ್, ಗಟ್ಟಿ ಚೌಕಟ್ಟು, ಎಲ್ಲಿ ಬೇಕಾದರೂ ಸಿಗುವ ಬಿಡಿಭಾಗ ಇವುಗಳಿಂದಾಗಿ ಯೆಜ್ದಿ ರೇಸ್, ರ್‍ಯಾಲಿ, ಮೋಟೊಕ್ರಾಸ್ ಮೂರರಲ್ಲೂ ಬಳಕೆಗೆ ಬಂತು. ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಮೈಸೂರು ಬೈಕ್ ಸವಾರಿಯ ಒಂದು ಪಾಠಶಾಲೆಯಾಗಿತ್ತು.

ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ಮಾಡಿದ ಅದರ ಒಡಲು ಫೈಬರ್‌ನದು. ಮನೆಮಂದಿಯ ಕಾರಾಗಿ ಅದು ಗೆಲ್ಲಲಿಲ್ಲ. 1983ರ ಕೊನೆಯಲ್ಲಿ ಬಂದ ಮಾರುತಿ 800 ಅದರ ಮಾರುಕಟ್ಟೆಯನ್ನೇ ನುಂಗಿತು. ಆದರೆ ಅದೇ ಹಗುರ ಮೈಯಿಂದಾಗಿ ರೇಸು, ರ್‍ಯಾಲಿಗಳಲ್ಲಿ ಡಾಲ್ಫಿನ್ ದೊಡ್ಡ ಕಾರುಗಳನ್ನು ಹಿಂದೆ ಹಾಕಿತು. ಒಂದು ಕಾರಿನ ವೇಗಕ್ಕೆ ಎಂಜಿನ್ನಿನ ಶಕ್ತಿ ಎಷ್ಟು ಮುಖ್ಯವೋ ಭಾರದ ಲೆಕ್ಕವೂ ಅಷ್ಟೇ ಮುಖ್ಯ ಎಂಬುದನ್ನು ಅಂದಿನ ಸ್ಪರ್ಧಿಗಳು ಡಾಲ್ಫಿನ್‌ನಿಂದ ಕಲಿತರು.

ಮಾಲೂರು ತಾಲ್ಲೂಕಿನ ದಕ್ಷಿಣದ ಗಡಿ ದಾಟಿದರೆ ಹೊಸೂರು. ಕನ್ನಡ, ತೆಲುಗು, ತಮಿಳು ಮೂರನ್ನೂ ಮಾತಾಡುವ ಈ ಗಡಿನಾಡಿನಲ್ಲಿ ಟಿವಿಎಸ್ ಕಂಪನಿ 1980ರಲ್ಲಿ ಟಿವಿಎಸ್ 50 ಮೊಪೆಡ್ ತಯಾರಿಸಿತು. ಎರಡು ವರ್ಷದ ಬಳಿಕ, 1982ರಲ್ಲಿ, ಅದೇ ಕಂಪನಿ ತನ್ನ ರೇಸಿಂಗ್ ತಂಡ ಕಟ್ಟಿತು. ಅಲ್ಲಿಯವರೆಗೆ ಸ್ವಂತ ಹಣದಲ್ಲಿ, ಸ್ವಂತ ಗ್ಯಾರೇಜಿನಲ್ಲಿ ನಡೆಯುತ್ತಿದ್ದ ಬೈಕ್ ರೇಸು ಇಲ್ಲಿಂದ ಮುಂದೆ ಸಂಬಳದ ಸವಾರ, ಕಾರ್ಖಾನೆಯ ಎಂಜಿನಿಯರ್, ಪರೀಕ್ಷೆಯ ದಾಖಲೆ ಇರುವ ಕಸುಬಾಗಿ ಬದಲಾಗತೊಡಗಿತು. ಬೆಂಗಳೂರು, ಉಡುಪಿ, ಮೈಸೂರುಗಳ ಸವಾರರಿಗೆ ಹೊಸೂರಿನ ಈ ತಂಡ ಹತ್ತಿರದ ಬಾಗಿಲಾಯಿತು.

ಇರುಂಗಟ್ಟುಕೊಟ್ಟೈ: ಕ್ಲಬ್ಬಿನ ಸ್ವಂತ ಕಣ

1980ರ ದಶಕದಲ್ಲಿ ಗಾಡಿಗಳ ವೇಗ ಏರಿತು. 1983ರಲ್ಲಿ ರಾಜ್‌ದೂತ್ 350, 1985ರಲ್ಲಿ ಯಮಾಹಾ ಆರ್‌ಎಕ್ಸ್ 100 ಬಂದವು. ವಿಮಾನದಾರಿಯ ಅಂಚಿನಲ್ಲಿ ಜನ ನಿಂತು ನೋಡುವ ವ್ಯವಸ್ಥೆ ಆ ವೇಗಕ್ಕೆ ಹೊಂದುವಂಥದ್ದಲ್ಲ. ಮೇಲಾಗಿ ಶೋಳಾವರಂ ಕ್ಲಬ್ಬಿನ ಸ್ವಂತ ಜಾಗವಾಗಿರಲಿಲ್ಲ. ಶಾಶ್ವತ ಕಣ ಬೇಕಾದರೆ ತನ್ನದೇ ನೆಲ ಬೇಕು ಎಂದು ತೀರ್ಮಾನಿಸಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಬೆಂಗಳೂರು ಹೆದ್ದಾರಿಯ ಬದಿಯ ಇರುಂಗಟ್ಟುಕೊಟ್ಟೈಯಲ್ಲಿ ಜಾಗ ಪಡೆದು ಟ್ರ್ಯಾಕ್ ಕಟ್ಟಿತು. 1990ರಲ್ಲಿ ಅದು ತೆರೆಯಿತು. ಸರ್ಕಾರದ ಯೋಜನೆಯಾಗಲಿ ದೊಡ್ಡ ಕಂಪನಿಯ ಬಂಡವಾಳವಾಗಲಿ ಅಲ್ಲದೆ, ಕ್ರೀಡೆಯನ್ನು ಪ್ರೀತಿಸುವವರ ಸಂಘವೊಂದು ಹುಟ್ಟುಹಾಕಿದ ಕಣ ಎಂಬುದು ಅದರ ಹೆಚ್ಚುಗಾರಿಕೆ.

ಟ್ರ್ಯಾಕಿನ ಒಂದು ಸುತ್ತು ಸುಮಾರು 3.7 ಕಿಲೊಮೀಟರ್, ತಿರುವುಗಳು ಹನ್ನೆರಡು. ವಿಮಾನದಾರಿಯಲ್ಲಿ ಇಲ್ಲದ ಒಂದು ಗುಣ ಇದಕ್ಕಿದೆ: ತಿರುವುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ತಿರುವಿನಿಂದ ಗಾಡಿ ಹೊರಬೀಳುವ ರೀತಿಯೇ ಮುಂದಿನದಕ್ಕೆ ಅದು ಒಳಹೋಗುವ ರೀತಿಯನ್ನು ನಿರ್ಧರಿಸುತ್ತದೆ. ತಿರುವಿನ ಹೊರಬದಿಯಿಂದ ಬ್ರೇಕ್ ಹಿಡಿದು, ಒಳ ಅಂಚನ್ನು ಸವರಿ, ಮತ್ತೆ ಹೊರಬದಿಗೆ ಗಾಡಿ ಬಿಡುವ ಈ ಗೆರೆಯನ್ನು ಸವಾರರು ರೇಸಿಂಗ್ ಲೈನ್ ಎನ್ನುತ್ತಾರೆ. ಹೊಸಬರು ಮೊದಲು ಕಲಿಯಬೇಕಾದ್ದು ಇದನ್ನೇ. ವೇಗವಾಗಿ ಓಡಿಸುವುದಕ್ಕಿಂತ ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬ್ರೇಕ್ ಹಿಡಿಯುವುದು ಕಷ್ಟ.

ಕಣವನ್ನು ಕಣವಾಗಿಸುವುದು ಡಾಂಬರು ಮಾತ್ರ ಅಲ್ಲ. ತಿರುವುಗಳಲ್ಲಿ ಮಾರ್ಷಲ್‌ಗಳು ನಿಂತಿರುತ್ತಾರೆ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯವಿದೆ, ಯಾರನ್ನೂ ಹಿಂದೆ ಹಾಕಬಾರದು ಎಂದರ್ಥ. ನೀಲಿ ಬಾವುಟ ಕಂಡವರು ಹಿಂದಿನ ವೇಗದ ಗಾಡಿಗೆ ದಾರಿ ಬಿಡಬೇಕು. ಕೆಂಪು ಬಂದರೆ ಪಂದ್ಯವೇ ನಿಂತಿತು. ಚೌಕಳಿ ಬಾವುಟ ಪಂದ್ಯದ ಮುಕ್ತಾಯ. ಗಾಡಿ ದಾರಿ ತಪ್ಪಿದರೆ ವೇಗ ಕುಗ್ಗಿಸಲು ಜಲ್ಲಿಯ ಹಾಸು, ಅದರಾಚೆ ಟೈರುಗಳ ಗೋಡೆ. ವೈದ್ಯರು, ಆಂಬುಲೆನ್ಸ್ ಸಿದ್ಧವಿಲ್ಲದೆ ಪಂದ್ಯ ಶುರುವಾಗುವಂತಿಲ್ಲ. ಹೆಲ್ಮೆಟ್, ಚರ್ಮದ ಉಡುಪು, ಗಾಡಿಯ ಸ್ಥಿತಿ ಎಲ್ಲವೂ ತಪಾಸಣೆಗೆ ಒಳಪಡುತ್ತವೆ. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಪರವಾನಗಿ ಇಲ್ಲದವರಿಗೆ ರಾಷ್ಟ್ರೀಯ ಪಂದ್ಯದಲ್ಲಿ ಪ್ರವೇಶವಿಲ್ಲ. ಹೆದ್ದಾರಿಯ ವೇಗಕ್ಕೂ ಕಣದ ವೇಗಕ್ಕೂ ಇರುವ ವ್ಯತ್ಯಾಸ ಈ ಏರ್ಪಾಡುಗಳಲ್ಲಿದೆ.

ಇಷ್ಟಾದರೂ ಅಪಾಯ ಪೂರ್ತಿ ಹೋಗುವುದಿಲ್ಲ. 2023ರ ಜನವರಿಯಲ್ಲಿ ಹಿರಿಯ ಕಾರ್ ರೇಸರ್ ಒಬ್ಬರು, ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನ 13 ವರ್ಷದ ಬೈಕ್ ಸವಾರನೊಬ್ಬ ಇರುಂಗಟ್ಟುಕೊಟ್ಟೈಯ ಕಣದಲ್ಲೇ ಅಪಘಾತಕ್ಕೆ ಸಿಕ್ಕಿ ಮೃತಪಟ್ಟರು. ಎಳೆಯರನ್ನು ಯಾವ ವಯಸ್ಸಿಗೆ, ಎಷ್ಟು ಶಕ್ತಿಯ ಗಾಡಿಯ ಮೇಲೆ ಕಣಕ್ಕಿಳಿಸಬೇಕು ಎಂಬ ಪ್ರಶ್ನೆಯನ್ನು ಆ ಸಾವು ಎಲ್ಲರ ಮುಂದಿಟ್ಟಿತು. ಕಣದ ಇತಿಹಾಸ ಬರೆಯುವವರು ಗೆಲುವಿನ ಪಟ್ಟಿಯ ಜೊತೆಗೆ ಇದನ್ನೂ ಬರೆಯಲೇಬೇಕು.

ಕೊಯಮತ್ತೂರಿನಿಂದ ನೊಯ್ಡಾದವರೆಗೆ

ಇರುಂಗಟ್ಟುಕೊಟ್ಟೈಗೆ ಜೀವ ತುಂಬಿದ್ದು ಅಗ್ಗದ ರೇಸ್ ಕಾರು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಎಂಜಿನ್ ಬಳಸಿ ಒಂಟಿ ಆಸನದ ಫಾರ್ಮುಲಾ ಮಾರುತಿ ಕಾರನ್ನು 1980ರ ದಶಕದ ಕೊನೆಯಲ್ಲಿ ರೂಪಿಸಿದರು. ಎಲ್ಲರಿಗೂ ಒಂದೇ ಬಗೆಯ ಕಾರು ಸಿಕ್ಕಿದಾಗ ಹಣವಂತನ ಗಾಡಿಗಿಂತ ಚಾಲಕನ ಕೈಚಳಕ ಮುಂದೆ ಬಂತು. ಆ ಕಾರಿನಲ್ಲೇ ರೇಸಿಂಗ್ ಆರಂಭಿಸಿದ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದ ಮೂಲಕ ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯರಾದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಕರಿವರ್ಧನ್ ಅವರ ನೆನಪಿಗೆ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ 2003ರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ತೆರೆಯಿತು. ಸುಮಾರು ಎರಡು ಕಿಲೊಮೀಟರ್‌ನ ಆ ಸಣ್ಣ ಕಣವೂ ಮೊದಲು ಹಗುರ ವಿಮಾನಗಳ ಓಡುದಾರಿಯಾಗಿದ್ದ ಜಾಗವೇ.

ಉತ್ತರದಲ್ಲಿ ಬೇರೆ ಕಥೆ ನಡೆಯಿತು. ದೆಹಲಿಯ ಬಳಿಯ ಗ್ರೇಟರ್ ನೊಯ್ಡಾದಲ್ಲಿ ಜರ್ಮನಿಯ ಹರ್ಮನ್ ಟಿಲ್ಕೆ ವಿನ್ಯಾಸದ, ಐದು ಕಿಲೊಮೀಟರ್ ಮೀರಿದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್ ಎದ್ದಿತು. 2011ರ ಅಕ್ಟೋಬರ್ 30ರಂದು ಅಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆಯಿತು. 2011, 2012, 2013 ಮೂರೂ ವರ್ಷ ಗೆದ್ದದ್ದು ಸೆಬಾಸ್ಟಿಯನ್ ವೆಟ್ಟೆಲ್. ಬಳಿಕ ತೆರಿಗೆ ತಕರಾರು, ಹಣದ ಮುಗ್ಗಟ್ಟುಗಳಿಂದ ಪಂದ್ಯ ನಿಂತುಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೋಟೊಜಿಪಿ ಬೈಕ್ ಪಂದ್ಯವೂ ಒಮ್ಮೆ ನಡೆಯಿತು. ಎರಡು ಕಣಗಳನ್ನು ಹೋಲಿಸಿದರೆ ಒಂದು ಪಾಠ ಸ್ಪಷ್ಟ. ವರ್ಷಕ್ಕೊಂದು ದೊಡ್ಡ ಜಾತ್ರೆಯನ್ನು ನಂಬಿದ ಕಣ ಜಾತ್ರೆ ನಿಂತಾಗ ಸೊರಗಿತು. ವಾರಾಂತ್ಯದ ಸಣ್ಣ ಪಂದ್ಯ, ತರಬೇತಿ, ಕಂಪನಿಗಳ ಪರೀಕ್ಷೆಗಳನ್ನು ನಂಬಿದ ಇರುಂಗಟ್ಟುಕೊಟ್ಟೈ ಮೂವತ್ತು ವರ್ಷ ದಾಟಿಯೂ ನಡೆಯುತ್ತಿದೆ.

ಕೋಲಾರದ ಮಣ್ಣಿನ ಕಣ

ಕರ್ನಾಟಕ ಡಾಂಬರು ಕಣವನ್ನು ಕಟ್ಟಲಿಲ್ಲ. ಮಣ್ಣಿನಲ್ಲಿ ಹೆಸರು ಮಾಡಿತು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ್‍ಯಾಲಿಗಳು, ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ, ಬಯಲುಗಳಲ್ಲಿ ಮಣ್ಣು ಗುಡ್ಡೆ ಹಾಕಿ ನಡೆಸುವ ಡರ್ಟ್ ಟ್ರ್ಯಾಕ್ ಪಂದ್ಯಗಳು ಇಲ್ಲಿನ ಸವಾರರನ್ನು ಬೆಳೆಸಿದವು. ಬೆಂಗಳೂರಿನ ಸಿ.ಎಸ್. ಸಂತೋಷ್ ಈ ಹಾದಿಯಿಂದ ಬಂದವರು. ಮೋಟೊಕ್ರಾಸ್, ಸೂಪರ್‌ಕ್ರಾಸ್‌ಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಅವರು 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ್‍ಯಾಲಿಯಲ್ಲಿ ಭಾಗವಹಿಸಿದ ಮೊದಲ ಭಾರತೀಯ ಸವಾರರಾಗಿ 36ನೇ ಸ್ಥಾನ ಪಡೆದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿಯನ್ನು 37ನೆಯವರಾಗಿ ಮುಗಿಸಿದರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದು ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ತಂದರು.

ಡಕಾರ್‌ನ ಅನುಭವದ ಬಳಿಕ ಸಂತೋಷ್ ಕೋಲಾರದ ಬಳಿ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿದರು; ಮುಂದೆ ಅದು ಬಿಗ್ ರಾಕ್ ಮೋಟೊಪಾರ್ಕ್ ಎಂಬ ಹೆಸರು ಪಡೆಯಿತು. ಮಣ್ಣಿನ ಹಾದಿಯಲ್ಲಿ ಬೈಕ್ ಓಡಿಸುವುದನ್ನು ಕ್ರಮವಾಗಿ ಕಲಿಸಲೆಂದೇ ರೂಪಿಸಿದ ಕಣಗಳು ದೇಶದಲ್ಲಿ ಆಗ ಇಲ್ಲವೆನ್ನುವಷ್ಟು ವಿರಳ. ರಾಯಲ್ ಎನ್‌ಫೀಲ್ಡ್ ಕಂಪನಿಯ ಸ್ಲೈಡ್ ಸ್ಕೂಲ್ ತರಬೇತಿಯೂ ಅಲ್ಲಿ ನಡೆಯಿತು. ಮೊಟ್ಟೆಯಾಕಾರದ ಸಪಾಟು ಮಣ್ಣಿನ ದಾರಿಯಲ್ಲಿ ಬೈಕನ್ನು ಬೇಕೆಂದೇ ಜಾರಿಸುತ್ತ ತಿರುಗಿಸುವ ಫ್ಲ್ಯಾಟ್ ಟ್ರ್ಯಾಕ್ ವಿದ್ಯೆಯ ಪಾಠ ಅದು. 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಕಾರ್‌ನಲ್ಲಿ ತಲೆಗೆ ತೀವ್ರ ಪೆಟ್ಟಾಗಿ ಸಂತೋಷ್ ಸಾವಿನ ಅಂಚಿಗೆ ಹೋಗಿ ಬಂದರು. ಅವರು ಕಟ್ಟಿದ ಕಣದಲ್ಲಿ ಕಲಿಕೆ ಮುಂದುವರಿಯಿತು.

ಈ ಕಣಕ್ಕೆ ಕೋಲಾರವೇ ಒಗ್ಗಿದ್ದಕ್ಕೆ ನೆಲದ ಗುಣವೂ ಕಾರಣ. ಅಂತರಗಂಗೆ, ತೇರಹಳ್ಳಿಗಳಿರುವ ಶತಶೃಂಗ ಬೆಟ್ಟಸಾಲಿನಿಂದ ಮುಳಬಾಗಿಲು, ಆವನಿಯವರೆಗೆ ಇಡೀ ಸೀಮೆ ಬಂಡೆಗುಂಡುಗಳ ನಾಡು. ಬಂಡೆಗಳ ನಡುವೆ ತೆಳುವಾದ ಕೆಂಪು ಮಣ್ಣು, ಕುರುಚಲು, ಮಳೆನೀರು ಕೊರೆದ ಹಳ್ಳ. ವರ್ಷಕ್ಕೆ ಸರಾಸರಿ 700ರಿಂದ 750 ಮಿಲಿಮೀಟರ್ ಮಳೆ ಬೀಳುವುದರಿಂದ ಬಹುಪಾಲು ದಿನ ನೆಲ ಒಣಗಿಯೇ ಇರುತ್ತದೆ. ಮಲೆನಾಡಿನಂತೆ ತಿಂಗಳುಗಟ್ಟಲೆ ಕೆಸರಾಗಿ ಕೆಲಸ ನಿಲ್ಲುವುದಿಲ್ಲ. ಬೆಂಗಳೂರಿನಿಂದ ಒಂದೂವರೆ ಗಂಟೆಯ ದಾರಿ ಎಂಬುದು ಇನ್ನೊಂದು ಅನುಕೂಲ.

ಮಣ್ಣಿನ ಕಣ ಡಾಂಬರಿನಂತೆ ಒಮ್ಮೆ ಹಾಕಿ ಬಿಡುವಂಥದ್ದಲ್ಲ. ಓಟಕ್ಕೆ ಮುಂಚೆ ಟ್ಯಾಂಕರಿನಿಂದ ನೀರು ಹಾಯಿಸಿ ಮಣ್ಣು ಹದಕ್ಕೆ ತರಬೇಕು. ನೀರು ಕಡಿಮೆಯಾದರೆ ಧೂಳೆದ್ದು ಹಿಂದಿನವನಿಗೆ ದಾರಿ ಕಾಣದು. ಹೆಚ್ಚಾದರೆ ಟೈರು ಹಿಡಿತ ಬಿಡುತ್ತದೆ. ತಿರುವುಗಳಲ್ಲಿ ಹೊರಬದಿಗೆ ಒಡ್ಡು ಕಟ್ಟುತ್ತಾರೆ. ಸವಾರ ಅದಕ್ಕೆ ಚಕ್ರ ಆನಿಸಿ ವೇಗ ಬಿಡದೆ ತಿರುಗುತ್ತಾನೆ. ನಡುವೆ ಮೇಜಿನಂತೆ ನೆತ್ತಿ ಸಪಾಟಾದ ದಿಬ್ಬ, ಸಾಲಾಗಿ ಬರುವ ಸಣ್ಣ ಏರಿಳಿತ, ಇಳಿಜಾರು. ಇಪ್ಪತ್ತು ಬೈಕುಗಳು ಹತ್ತು ಸುತ್ತು ಹಾಕುವಷ್ಟರಲ್ಲಿ ಟ್ರ್ಯಾಕಿನ ಮೈಯೇ ಬದಲಾಗಿರುತ್ತದೆ. ಬೆಳಗ್ಗೆ ನಯವಾಗಿದ್ದ ಜಾಗದಲ್ಲಿ ಮಧ್ಯಾಹ್ನಕ್ಕೆ ಚಕ್ರದ ಜಾಡು ಗೇಣುದ್ದ ಆಳಕ್ಕೆ ಇಳಿದಿರುತ್ತದೆ. ಸವಾರ ಸೀಟಿನಿಂದ ಎದ್ದು, ಕಾಲಡಿಯ ಪೆಗ್‌ಗಳ ಮೇಲೆ ನಿಂತು, ಮೊಣಕಾಲಿನಿಂದ ಟ್ಯಾಂಕ್ ಹಿಡಿದು, ಕಣ್ಣನ್ನು ಮುಂದಿನ ತಿರುವಿನ ಮೇಲಿಟ್ಟು ಸಾಗಬೇಕು. ಮುಂದಿನ ಚಕ್ರದ ಕಡೆ ನೋಡಿದವನು ಬೀಳುತ್ತಾನೆ ಎಂಬುದು ಇಲ್ಲಿನ ಮೊದಲ ಪಾಠ.

ಕಾರ್ಖಾನೆ, ಹೆದ್ದಾರಿ, ಕಾನೂನು

ಕೋಲಾರ ಜಿಲ್ಲೆ ಇಂದು ಗಾಡಿಗಳನ್ನು ಓಡಿಸುವ ಜಿಲ್ಲೆ ಮಾತ್ರವಲ್ಲ, ತಯಾರಿಸುವ ಜಿಲ್ಲೆಯೂ ಹೌದು. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಜಿಲ್ಲೆಯ ದುಡಿಮೆಯ ಕೇಂದ್ರ ನಿಧಾನವಾಗಿ ಹೆದ್ದಾರಿಯತ್ತ ಸರಿಯಿತು. ನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2013ರಲ್ಲಿ ಹೋಂಡಾ ಮೋಟಾರ್‌ಸೈಕಲ್ ಕಂಪನಿಯ ದೇಶದ ಮೂರನೇ ಕಾರ್ಖಾನೆ ಕೆಲಸ ಆರಂಭಿಸಿತು. ಸ್ವೀಡನ್ನಿನ ಸ್ಕ್ಯಾನಿಯಾ ಕೂಡ ಅಲ್ಲಿಗೆ ಬಂತು. ಅದೇ ಹೋಂಡಾ 2018ರಿಂದ ಎಳೆಯ ಸವಾರರಿಗಾಗಿ ಇಂಡಿಯಾ ಟ್ಯಾಲೆಂಟ್ ಕಪ್ ನಡೆಸಿತು; ಅದರ ಪಂದ್ಯಗಳಿಗೆ ಕಣ ಇರುಂಗಟ್ಟುಕೊಟ್ಟೈ, ಕೊಯಮತ್ತೂರು. ಬೈಕು ಕೋಲಾರದಲ್ಲಿ ತಯಾರಾಗುತ್ತದೆ, ರೇಸು ಮಾತ್ರ ತಮಿಳುನಾಡಿನಲ್ಲಿ ಎಂಬ ಸ್ಥಿತಿ ಇಂದಿಗೂ ಇದೆ.

ರಸ್ತೆಯೂ ಬದಲಾಯಿತು. ಬೆಂಗಳೂರು–ಮುಳಬಾಗಿಲು ಹೆದ್ದಾರಿ 2010ರ ದಶಕದಲ್ಲಿ ಅಗಲವಾಯಿತು. ರಾಷ್ಟ್ರೀಯ ಹೆದ್ದಾರಿ 4 ಎಂಬ ಹಳೆಯ ಸಂಖ್ಯೆ ಹೋಗಿ 75 ಬಂತು. ಭಾನುವಾರ ಬೆಳಗ್ಗೆ ದೋಸೆಗಾಗಿ ಮುಳಬಾಗಿಲಿಗೆ ಬರುವ ಬೈಕ್ ಗುಂಪುಗಳು ಆ ರಸ್ತೆಯ ಸಾಮಾನ್ಯ ನೋಟವಾದವು. ದಕ್ಷಿಣಕ್ಕೆ, ಹೊಸಕೋಟೆಯಿಂದ ಹೊರಟು ಮಾಲೂರು, ಬಂಗಾರಪೇಟೆ, ಕೆಜಿಎಫ್ ಸೀಮೆಗಳನ್ನು ಹಾದು ಶ್ರೀಪೆರಂಬುದೂರು ಸೇರಬೇಕಾದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾಯಿತು. ಸುಮಾರು 260 ಕಿಲೊಮೀಟರ್ ಉದ್ದದ, ಗಂಟೆಗೆ 120 ಕಿಲೊಮೀಟರ್ ವೇಗಕ್ಕೆ ರೂಪಿಸಿದ ಈ ದಾರಿಯ ಕರ್ನಾಟಕದ ಭಾಗದಲ್ಲಿ 2024ರ ಕೊನೆಗೆ ವಾಹನ ಓಡಾಟ ಶುರುವಾಯಿತು. ದ್ವಿಚಕ್ರ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ.

ನುಣುಪಾದ, ನೇರವಾದ, ಬೆಳಗಿನ ಜಾವ ಖಾಲಿ ಇರುವ ರಸ್ತೆ ಯುವಕರನ್ನು ಪಂದ್ಯಕ್ಕೆ ಕರೆಯುತ್ತದೆ. ಮುಂದಿನ ಚಕ್ರ ಎತ್ತಿ ಓಡಿಸುವ ವೀಲಿಂಗ್, ಪಣ ಕಟ್ಟಿ ಓಡಿಸುವ ಡ್ರ್ಯಾಗ್ ರೇಸು ಪೊಲೀಸರಿಗೆ ನಿತ್ಯದ ತಲೆನೋವು. 1988ರ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸುವುದು ಅಪರಾಧ. 2019ರ ತಿದ್ದುಪಡಿ ಮೊದಲ ತಪ್ಪಿಗೆ ದಂಡವನ್ನು 5,000 ರೂಪಾಯಿವರೆಗೆ, ಜೈಲುವಾಸವನ್ನು ಮೂರು ತಿಂಗಳವರೆಗೆ ಏರಿಸಿತು. ದಂಡ ಬೇಕು, ಆದರೆ ದಂಡವೊಂದೇ ಸಾಲದು ಎಂಬುದನ್ನು 1903ರ ಪ್ಯಾರಿಸ್–ಮ್ಯಾಡ್ರಿಡ್ ಪಂದ್ಯದ ನಂತರದ ಚರಿತ್ರೆ ತೋರಿಸಿದೆ. ರಸ್ತೆಯ ಪಂದ್ಯ ನಿಂತದ್ದು ನಿಷೇಧದಿಂದ ಎಷ್ಟೋ, ಬ್ರೂಕ್‌ಲ್ಯಾಂಡ್ಸ್‌ನಂಥ ಕಣಗಳು ತೆರೆದುಕೊಂಡದ್ದರಿಂದಲೂ ಅಷ್ಟೇ.

ಬಾಕಿ ಉಳಿದ ಕೆಲಸ

ಕರ್ನಾಟಕದಲ್ಲಿ ಇಂದು ಕಾರ್ಟ್ ಓಡಿಸುವ ಟ್ರ್ಯಾಕ್‌ಗಳಿವೆ. ಬೆಂಗಳೂರಿನ ಮೆಕೊ ಕಾರ್ಟೋಪಿಯಾ ಅವುಗಳಲ್ಲಿ ಹೆಸರಾದದ್ದು. ಕೋಲಾರದಲ್ಲಿ ಮಣ್ಣಿನ ಕಣವಿದೆ. ಇಲ್ಲದಿರುವುದು ಇರುಂಗಟ್ಟುಕೊಟ್ಟೈಯಂಥ, ಅಂತರರಾಷ್ಟ್ರೀಯ ಮಾನ್ಯತೆಯ ಪೂರ್ಣ ಪ್ರಮಾಣದ ಡಾಂಬರು ಸರ್ಕ್ಯೂಟ್. ಅಂಥದ್ದು ಹಳೇ ಮದ್ರಾಸು ರಸ್ತೆಯ ಈ ತುದಿಯಲ್ಲಿ ಬರುವುದಾದರೆ ಜಾಗದ ಆಯ್ಕೆಯೇ ಮೊದಲ ಪರೀಕ್ಷೆ. ಶ್ರೀನಿವಾಸಪುರದ ಮಾವಿನ ತೋಪು, ಮಾಲೂರಿನ ಹೂವು ತರಕಾರಿ ಬೆಳೆಯುವ ಹೊಲ, ಕೆರೆಗಳ ಅಂಗಳ ಇವುಗಳಿಗೆ ಕೈ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ತಂದು ಕೆರೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆ ಇದು. ಇಲ್ಲಿ ನೀರಿನ ಲೆಕ್ಕ ಮೊದಲು, ಉಳಿದದ್ದು ಆಮೇಲೆ. ಕಲ್ಲು ತೆಗೆದು ಬಿಟ್ಟ ಕ್ವಾರಿಗಳಂಥ, ಬೇಸಾಯಕ್ಕೆ ಬಾರದ ನೆಲದಲ್ಲಿ ಮಾತ್ರ ಇದು ನ್ಯಾಯವಾಗಿ ಸಾಧ್ಯ.

ಎರಡನೇ ಪರೀಕ್ಷೆ ಶುಲ್ಕ. ಶೋಳಾವರಂಗೆ ಜೀವ ಕೊಟ್ಟದ್ದು ರಾಜರ ವಿದೇಶಿ ಕಾರುಗಳಿಗಿಂತ ಹೆಚ್ಚಾಗಿ ಗ್ಯಾರೇಜಿನ ಕೈಗಳು. ಇರುಂಗಟ್ಟುಕೊಟ್ಟೈಯನ್ನು ಬೆಳೆಸಿದ್ದು ಮಾರುತಿ ಎಂಜಿನ್ನಿನ ಅಗ್ಗದ ಕಾರು. ನರಸಾಪುರದ ಕಾರ್ಖಾನೆಯಲ್ಲಿ ಬೈಕ್ ಜೋಡಿಸುವ ಕೋಲಾರ, ಮುಳಬಾಗಿಲಿನ ಹುಡುಗ ತಿಂಗಳಿಗೊಮ್ಮೆಯಾದರೂ ಹೆಲ್ಮೆಟ್ ತೊಟ್ಟು ಇಳಿಯುವಂತಿದ್ದರೆ ಮಾತ್ರ ಆ ಕಣಕ್ಕೆ ಅರ್ಥ. ಅಲ್ಲಿಯವರೆಗೆ ಕೋಲಾರದ ಸವಾರನಿಗೆ ಕಾನೂನು ಒಪ್ಪುವ ಹತ್ತಿರದ ಪೂರ್ಣ ಡಾಂಬರು ಕಣ ಇರುಂಗಟ್ಟುಕೊಟ್ಟೈಯೇ. ಮನೆಯಿಂದ ಅದು ಇನ್ನೂರು ಕಿಲೊಮೀಟರ್‌ಗೂ ಹೆಚ್ಚು ದೂರ.